ಹಿಮಾಲಯದ ಒತ್ತಡ, ಮಂಡ್ಯದ ನೆಲ

ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಒಂದು ಭಾರಿ ಸದ್ದು ಕೇಳಿ ಅಡುಗೆಮನೆ ಸ್ಟ್ಯಾಂಡಿನ ಪಾತ್ರೆ ಗಲಗಲ ಅಂದರೆ ಸಾಕು, ವಾಟ್ಸಾಪ್ ಗುಂಪುಗಳ ತುಂಬ ಅದೇ ವಾದ. ಭೂಕಂಪ ಅನ್ನುವವರು ಕೆಲವರು, ಬೇಬಿ ಬೆಟ್ಟದ ಕಡೆ ಕಲ್ಲುಕ್ವಾರಿಯ ಮೆಗ್ಗರ್ ಬ್ಲಾಸ್ಟ್ (ಭಾರಿ ಸಿಡಿತ) ಅನ್ನುವವರು ಕೆಲವರು. ಅದರ ಬೆನ್ನಿಗೇ ಕನ್ನಂಬಾಡಿ ಕಟ್ಟೆಗೆ ಏನಾದೀತು ಎಂಬ ಆತಂಕ. ಇದರ ನಡುವೆ ಯಾರಾದರೂ ಒಬ್ಬರು, "ನಮ್ಮದು ದಖನ್ ಪ್ರಸ್ಥಭೂಮಿ, ಗಟ್ಟಿ ಬಂಡೆ, ಇಲ್ಲಿ ಭೂಕಂಪ ಆಗೋದೇ ಇಲ್ಲ ಬಿಡಿ" ಎಂದು ಸಮಾಧಾನ ಹೇಳಿ ಮುಗಿಸುತ್ತಾರೆ.

ಈ ಸಮಾಧಾನದ ಮಾತೇ ಎಲ್ಲಕ್ಕಿಂತ ಅಪಾಯದ್ದು. ಲಾತೂರು ಜಿಲ್ಲೆಯ ಕಿಲ್ಲಾರಿಯೂ ದಖನ್ ಪ್ರಸ್ಥಭೂಮಿಯಲ್ಲೇ ಇದೆ. ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಅದು ಅತ್ಯಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲಿ 6.2 ಪ್ರಮಾಣದ ಭೂಕಂಪವಾಗಿ ಸುಮಾರು 10 ಸಾವಿರ ಜನ ಸತ್ತರು. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಒಂದನೇ ವಲಯ ಎಂಬುದನ್ನೇ ತೆಗೆದುಹಾಕಿ ಎರಡಕ್ಕೆ ಸೇರಿಸಿದರು. ಆ ನಕ್ಷೆಯಲ್ಲಿ ಮೈಸೂರು, ಮಂಡ್ಯ ಇರುವುದು ಈ ಎರಡನೇ ವಲಯದಲ್ಲಿ. ಕಡಿಮೆ ಅಪಾಯ ನಿಜ, ಆದರೆ ಅಪಾಯವೇ ಇಲ್ಲ ಎಂದು ಯಾವ ನಕ್ಷೆಯೂ ಹೇಳಿಲ್ಲ.

ನಮ್ಮ ನೆಲಕ್ಕೆ ಒತ್ತಡ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಫಲಕಗಳ ಅಂಚಿಗೆ ಹೋಗಬೇಕು. ಭೂಮಿಯ ಹೊರಚಿಪ್ಪು ಒಂದೇ ತುಂಡಾಗಿಲ್ಲ. ಹಲವು ದೊಡ್ಡ ಫಲಕಗಳು, ಅವುಗಳ ನಡುವೆ ಇನ್ನಷ್ಟು ಸಣ್ಣವು, ಕೆಳಗಿನ ಬಿಸಿ ಮ್ಯಾಂಟಲ್ ಪದರದ ಮೇಲೆ ವರ್ಷಕ್ಕೆ ಕೆಲವು ಸೆಂಟಿಮೀಟರ್ ಲೆಕ್ಕದಲ್ಲಿ ಸರಿಯುತ್ತಿರುತ್ತವೆ. ನಮ್ಮ ಭಾರತೀಯ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಉತ್ತರ–ಈಶಾನ್ಯಕ್ಕೆ ಹೋಗುತ್ತಿದೆ. ಫಲಕದ ಅಂಚುಗಳು ಮೂರು ಬಗೆ ಎಂದು ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಿ. ಅದಕ್ಕೆ ಅಮೆರಿಕ, ಜಪಾನಿನ ಉದಾಹರಣೆ ಹುಡುಕಬೇಕಾಗಿಲ್ಲ, ಮೂರೂ ನಮ್ಮದೇ ಫಲಕದ ಸುತ್ತ ಇವೆ.

ನೈರುತ್ಯಕ್ಕೆ, ಅರಬ್ಬೀ ಸಮುದ್ರದಾಚೆ ಹಿಂದೂ ಮಹಾಸಾಗರದಲ್ಲಿ, ಸಾಗರತಳದ ಬೆಟ್ಟಸಾಲಾದ ಕಾರ್ಲ್ಸ್‌ಬರ್ಗ್ ಏಣು. ಇಲ್ಲಿ ಎರಡು ಫಲಕಗಳು ದೂರ ಸರಿಯುತ್ತವೆ, ನಡುವಿನ ಬಿರುಕಿನಿಂದ ಶಿಲಾರಸ ಉಕ್ಕಿ ಹೊಸ ಸಾಗರತಳ ಹುಟ್ಟುತ್ತದೆ. ಬಂಡೆ ಬಿಸಿಯಾಗಿ, ತೆಳ್ಳಗಿರುವುದರಿಂದ ಹೆಚ್ಚು ಶಕ್ತಿ ಹಿಡಿದಿಟ್ಟುಕೊಳ್ಳಲಾರದು. ಹೀಗಾಗಿ ಇಲ್ಲಿನ ಕಂಪನಗಳು ಹೆಚ್ಚಾಗಿ ಸಾಧಾರಣ ಪ್ರಮಾಣದವು, ಆಳವೂ ಕಡಿಮೆ. ವಾಯವ್ಯಕ್ಕೆ ಪಾಕಿಸ್ತಾನ–ಅಫ್ಘಾನಿಸ್ತಾನದ ಚಮನ್ ಸ್ತರಭಂಗದ (ಬಂಡೆಗಳು ಒಂದರ ಪಕ್ಕ ಒಂದು ಜಾರುವ ಸೀಳು) ಉದ್ದಕ್ಕೂ ಫಲಕಗಳು ಒಂದರ ಪಕ್ಕ ಒಂದು ಉಜ್ಜಿಕೊಂಡು ಸಾಗುತ್ತವೆ. 1935ರ ಮೇ 31ರಂದು ಕ್ವೆಟ್ಟಾ ನೆಲಸಮವಾದದ್ದು ಇದೇ ಅಂಚಿನ ಪಟ್ಟಿಯಲ್ಲಿ. ಉತ್ತರದಲ್ಲಿ ಹಿಮಾಲಯ, ಪೂರ್ವದಲ್ಲಿ ಅಂಡಮಾನ್–ಸುಮಾತ್ರಾ. ಇವೆರಡೂ ಡಿಕ್ಕಿಯ ಅಂಚುಗಳು. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಅಂಡಮಾನಿನವರೆಗೆ ಸುಮಾರು 1,300 ಕಿಲೋಮೀಟರ್ ಉದ್ದದ ಅಂಚು ಒಂದೇ ಸಲಕ್ಕೆ ಜಾರಿ 9.1 ಪ್ರಮಾಣದ ಭೂಕಂಪವಾಯಿತು, ಸುನಾಮಿ ಎದ್ದಿತು.

ಹಿಮಾಲಯದ ಲೆಕ್ಕ ಇನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ವರ್ಷಕ್ಕೆ 5 ಸೆಂಟಿಮೀಟರ್ ಒತ್ತಿದರೆ ಅದರಲ್ಲಿ ಸುಮಾರು 2 ಸೆಂಟಿಮೀಟರ್ ಹಿಮಾಲಯದ ಅಡಿಯಲ್ಲೇ ಸಂಗ್ರಹವಾಗುತ್ತದೆ, ಉಳಿದದ್ದು ಟಿಬೆಟ್ ಮತ್ತು ಅದರಾಚೆ ಹಂಚಿಹೋಗುತ್ತದೆ. ನಮ್ಮ ಫಲಕ ಹಿಮಾಲಯದ ಕೆಳಗೆ ಇಳಿಜಾರಾಗಿ ನುಗ್ಗುತ್ತಿದ್ದರೂ, ಆ ಇಳಿಜಾರಿನ ಮೇಲ್ಭಾಗ ಘರ್ಷಣೆಯಿಂದ ಕಚ್ಚಿಕೊಂಡಿರುತ್ತದೆ. ಹಿಂದಿನಿಂದ ಒತ್ತು ಬರುತ್ತಲೇ ಇರುತ್ತದೆ, ಕಚ್ಚಿಕೊಂಡ ಭಾಗ ಅಲುಗುವುದಿಲ್ಲ, ಸುತ್ತಲಿನ ಬಂಡೆಯೇ ಬಾಗುತ್ತದೆ. ಭಾರದ ಗಾಡ್ರೆಜ್ ಬೀರುವನ್ನು ಮೊಸಾಯಿಕ್ ನೆಲದ ಮೇಲೆ ತಳ್ಳುವಾಗ ಆಗುವುದು ಹೀಗೇ: ತಳ್ಳುತ್ತೀರಿ, ಅಲುಗುವುದಿಲ್ಲ, ಇನ್ನೂ ತಳ್ಳುತ್ತೀರಿ, ಆಮೇಲೆ ಥಟ್ಟನೆ ಒಂದು ಗೇಣು ಜಾರಿ ಮತ್ತೆ ನಿಲ್ಲುತ್ತದೆ. 100 ವರ್ಷ ಕಚ್ಚಿಕೊಂಡರೆ 2 ಮೀಟರ್ ಬಾಕಿ, 500 ವರ್ಷಕ್ಕೆ 10 ಮೀಟರ್ ಬಾಕಿ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಈ ಬಾಕಿಯ ಒಂದು ಭಾಗ ತೀರಿತು. ಸುಮಾರು 140 ಕಿಲೋಮೀಟರ್ ಉದ್ದಕ್ಕೆ ಬಿರುಕು ಹರಿಯಲು ಒಂದು ನಿಮಿಷವೂ ಹಿಡಿಯಲಿಲ್ಲ, ಏಕೆಂದರೆ ಅದು ಸೆಕೆಂಡಿಗೆ 3 ಕಿಲೋಮೀಟರ್‌ನ ಆಸುಪಾಸಿನ ವೇಗದಲ್ಲಿ ಓಡುತ್ತದೆ. ಪ್ರಮಾಣ 7.8. ಜಾರಿಕೆ ನೆಲದ ಮೇಲಿನವರೆಗೆ ಬಂದು ಮುಗಿಯದೆ ಕೆಳಗೇ ನಿಂತಿತು, ಅಂದರೆ ಬಾಕಿ ಪೂರ್ತಿ ಚುಕ್ತಾ ಆಗಿಲ್ಲ.

ಬಂಡೆ ಬಾಗಿ, ಜಾರಿ, ಮತ್ತೆ ನೆಟ್ಟಗಾಗುತ್ತದೆ ಎಂಬುದನ್ನು ಮೊದಲು ಅಳತೆಯ ಆಧಾರದ ಮೇಲೆ ಹೇಳಿದವರು ಅಮೆರಿಕದ ಭೂಭೌತ ವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪವಾದಾಗ ಸ್ಯಾನ್ ಆಂಡ್ರಿಯಾಸ್ ಸ್ತರಭಂಗ ದಾಟುವ ಬೇಲಿ, ರಸ್ತೆಗಳು ತುಂಡಾಗಿ ಕೆಲವೆಡೆ 6 ಮೀಟರ್‌ವರೆಗೆ ಪಕ್ಕಕ್ಕೆ ಸರಿದಿದ್ದವು. ಹಳೆಯ ಸರ್ವೆ ಕಲ್ಲುಗಳ ಸ್ಥಾನವನ್ನು ಹೊಸ ಅಳತೆಯೊಂದಿಗೆ ಹೋಲಿಸಿದಾಗ, ಭೂಕಂಪಕ್ಕೆ ಮುಂಚಿನ ದಶಕಗಳಲ್ಲೇ ಎರಡೂ ಕಡೆಯ ನೆಲ ನಿಧಾನವಾಗಿ ಬಾಗಿದ್ದು ಕಂಡಿತು. 1910ರಲ್ಲಿ ಅವರು ಮುಂದಿಟ್ಟ ಈ ವಿವರಣೆಯ ಮೇಲೇ ಇಂದಿನ ಜಿಪಿಎಸ್ ಲೆಕ್ಕಗಳೂ ನಿಂತಿವೆ.

ಈಗ ಮೈಸೂರಿಗೆ ಬರೋಣ. ಇಲ್ಲಿಂದ ಹಿಮಾಲಯದ ತಪ್ಪಲಿಗೆ ನೇರ ಅಳತೆಯಲ್ಲಿ ಸುಮಾರು 2 ಸಾವಿರ ಕಿಲೋಮೀಟರ್. ಉಳಿದ ಅಂಚುಗಳೂ ಒಂದೂವರೆ ಸಾವಿರಕ್ಕೆ ಕಡಿಮೆಯಿಲ್ಲ. ಹಾಗಾದರೆ ನಮಗೇನು? ಫಲಕ ಗಟ್ಟಿ ಹಾಳೆ. ಉತ್ತರದ ತುದಿಯಲ್ಲಿ ತಡೆ, ದಕ್ಷಿಣದ ಏಣಿನ ಕಡೆಯಿಂದ ತಳ್ಳು, ನಡುವಿನ ಇಡೀ ಹಾಳೆ ಒತ್ತಡದಲ್ಲಿರುತ್ತದೆ. ಆ ಒತ್ತಡಕ್ಕೆ ನಡುವೆ ಎಲ್ಲಿ ಹಳೆಯ ದುರ್ಬಲ ಗೆರೆ ಸಿಗುತ್ತದೋ ಅಲ್ಲಿ ಜಾರುತ್ತದೆ. ಜಗತ್ತಿನ ಭೂಕಂಪ ಶಕ್ತಿಯ ಬಹುಪಾಲು ಅಂಚುಗಳಲ್ಲೇ ಹೊರಬೀಳುತ್ತದೆ, ಒಳನಾಡಿನ ಪಾಲು ತೀರ ಸಣ್ಣದು. ಆದರೆ ಒಳನಾಡಿನಲ್ಲಿ ಒಂದು ಸ್ತರಭಂಗ ಎರಡು ಸಲ ದೊಡ್ಡದಾಗಿ ಜಾರುವ ನಡುವೆ ಸಾವಿರಾರು ವರ್ಷ ಹೋಗಬಹುದಾದ್ದರಿಂದ ಜನರ ನೆನಪಿನಲ್ಲಿ, ಶಾಸನದಲ್ಲಿ, ಗೆಜೆಟಿಯರಿನಲ್ಲಿ ಅದರ ಸುಳಿವೇ ಇರುವುದಿಲ್ಲ. ಕಿಲ್ಲಾರಿಯ ಸ್ತರಭಂಗ ಭೂಕಂಪವಾಗುವವರೆಗೆ ಯಾವ ನಕ್ಷೆಯಲ್ಲೂ ಇರಲಿಲ್ಲ. ದಕ್ಷಿಣದಲ್ಲಿ ನಮಗೆ ಹತ್ತಿರದ ದೊಡ್ಡ ಉದಾಹರಣೆ 1900ರ ಫೆಬ್ರವರಿ 8ರ ಕೊಯಮತ್ತೂರು ಭೂಕಂಪ, ಸುಮಾರು 6ರ ಪ್ರಮಾಣದ್ದು.

ನಮ್ಮ ಕಾಲ ಕೆಳಗಿರುವುದು ಧಾರವಾಡ ಶಿಲಾಖಂಡ. ಮಂಡ್ಯ, ಮೈಸೂರಿನ ಹೊಲಗಳ ಅಡಿಯ ಪಟ್ಟೆಪಟ್ಟೆಯ ನೈಸ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ರಾಮನಗರದ ಗುಲಾಬಿ ಛಾಯೆಯ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು. ಚಾಮುಂಡಿ ಬೆಟ್ಟದ ಗ್ರಾನೈಟ್ ಇವುಗಳ ಮುಂದೆ ಮಗು, ಸುಮಾರು 80 ಕೋಟಿ ವರ್ಷ. ಇಷ್ಟು ವಯಸ್ಸಾದ ನೆಲದಲ್ಲಿ ಹಳೆಯ ಗಾಯಗಳಿಗೆ ಬರವಿಲ್ಲ. ಚಿತ್ರದುರ್ಗದ ಕಡೆಯಿಂದ ದಕ್ಷಿಣಕ್ಕೆ ಇಳಿಯುವ, ಹಿಂದೆ ಬಂಡೆಗಳು ಅರೆದು ಸರಿದ ದೊಡ್ಡ ಛೇದನ ಪಟ್ಟಿಯಿದೆ, ಮಂಡ್ಯ–ಚನ್ನಪಟ್ಟಣ–ಬೆಂಗಳೂರು ಗುಂಟ ಉಪಗ್ರಹ ಚಿತ್ರದಲ್ಲಿ ಕಾಣುವ ರೇಖೆಯಿದೆ, ಅರ್ಕಾವತಿ ಕಣಿವೆಯಲ್ಲಿ ಸ್ತರಭಂಗವಿದೆ. ಬಿಳಿಗಿರಿರಂಗನ ಬೆಟ್ಟಸಾಲಿನ ಸುತ್ತಮುತ್ತಲ ಹಳೆಯ ಸ್ತರಭಂಗಗಳು ಭೂವಿಜ್ಞಾನದ ಲೆಕ್ಕದಲ್ಲಿ ತೀರ ಇತ್ತೀಚೆಗೂ ಅಲುಗಿವೆ, ನದಿಗಳ ದಾರಿಯಲ್ಲಿ ಅದರ ಗುರುತಿದೆ ಎಂದು ಭೂವಿಜ್ಞಾನಿ ಕೆ.ಎಸ್. ವಾಲ್ದಿಯಾ ವಾದಿಸಿದ್ದರು. ಇವುಗಳಲ್ಲಿ ಹೆಚ್ಚಿನವು ಇಂದು ತಣ್ಣಗಿವೆ. ಚಿತ್ರದಲ್ಲಿ ರೇಖೆ ಕಂಡ ಮಾತ್ರಕ್ಕೆ ಅದು ಜೀವಂತ ಸ್ತರಭಂಗವಲ್ಲ. ಅದರ ಗುಂಟ ಸಣ್ಣ ಕಂಪನಗಳು ಸಾಲಾಗಿ ದಾಖಲಾಗುತ್ತಿವೆಯೇ, ಇತ್ತೀಚಿನ ಮಣ್ಣಿನ ಪದರ ಸರಿದಿದೆಯೇ ಎಂದು ನೋಡಿಯೇ ಹೇಳಬೇಕು.

ಬಂಡೆಯಲ್ಲಿ ಸ್ತರಭಂಗ ಗುರುತಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಚಾಮುಂಡಿ ಬೆಟ್ಟದ ಬಂಡೆಗಳಲ್ಲಿ ಕಾಣುವ ನೇರ ಸೀಳುಗಳು ಬಹುಮಟ್ಟಿಗೆ ಸ್ತರಭಂಗಗಳಲ್ಲ. ಬಂಡೆ ತಣಿಯುವಾಗ, ಮೇಲಿನ ಭಾರ ಸವೆದು ಇಳಿದಾಗ ಬಿಟ್ಟ ಬಿರುಕುಗಳು ಅವು. ಎರಡೂ ಬದಿ ಇದ್ದಲ್ಲೇ ಇರುತ್ತವೆ. ಸ್ತರಭಂಗವಾದರೆ ಒಂದು ಬದಿ ಇನ್ನೊಂದರ ಪಕ್ಕಕ್ಕೆ ಜಾರಿರಲೇಬೇಕು. ಇದನ್ನು ನೋಡಲು ಶ್ರೀರಂಗಪಟ್ಟಣದ ಸುತ್ತಲಿನ ಕಪ್ಪು ಡೈಕ್ ಕಲ್ಲು ಒಳ್ಳೆಯ ಗುರುತು. ಬಿಳಿ ಬಂಡೆಯ ನಡುವೆ ಗೋಡೆಯಂತೆ ಹಾದುಹೋಗುವ ಈ ಕರಿ ಪಟ್ಟಿ ಒಂದು ಬಿರುಕಿನ ಹತ್ತಿರ ಕಡಿದು, ಆಚೆ ಬದಿಯಲ್ಲಿ ಎರಡಡಿ ಸರಿದು ಮತ್ತೆ ಮುಂದುವರಿದಿದ್ದರೆ ಅಲ್ಲಿ ಜಾರಿಕೆ ಆಗಿದೆ ಎಂದರ್ಥ. ಬಿರುಕಿನ ಮುಖವನ್ನು ಕೈಯಿಂದ ಸವರಿ. ಪಾಲಿಶ್ ಮಾಡಿದಷ್ಟು ನುಣುಪು, ಅದರ ಮೇಲೆ ಒಂದೇ ದಿಕ್ಕಿನಲ್ಲಿ ಗೀರುಗಳು, ನಡುವೆ ಅರೆದ ಹಿಟ್ಟಿನಂಥ ಜೇಡಿ ಇದ್ದರೆ ಅನುಮಾನವೇ ಬೇಡ. ಗೀರುಗಳು ಅಡ್ಡಡ್ಡವಾಗಿದ್ದರೆ ಬಂಡೆಗಳು ಪಕ್ಕಕ್ಕೆ ಸರಿದಿವೆ. ಇಳಿಜಾರಿನ ಗುಂಟ ಇದ್ದರೆ ಮೇಲೆ ಅಥವಾ ಕೆಳಗೆ. ಎಳೆತದಲ್ಲಿ ಇಳಿಜಾರು ಬಿರುಕಿನ ಮೇಲೆ ಕೂತ ಬಂಡೆ ಕೆಳಕ್ಕೆ ಜಾರುತ್ತದೆ, ಒತ್ತಡದಲ್ಲಿ ಮೇಲಕ್ಕೆ ಏರುತ್ತದೆ. ಕಿಲ್ಲಾರಿಯಲ್ಲಿ ಆದದ್ದು ಮೇಲೇರಿದ ಬಗೆ. ಉತ್ತರದ ಒತ್ತಡ ಇಷ್ಟು ದೂರಕ್ಕೂ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಇನ್ನು ಕಟ್ಟೆಯ ಪ್ರಶ್ನೆ. ಜಲಾಶಯದಿಂದ ಭೂಕಂಪ ಆಗುತ್ತದೆಯೇ? ಆಗಿದೆ. ಮಹಾರಾಷ್ಟ್ರದ ಕೊಯ್ನಾದಲ್ಲಿ 103 ಮೀಟರ್ ಎತ್ತರದ ಅಣೆಕಟ್ಟೆಗೆ 1962ರಿಂದ ನೀರು ತುಂಬತೊಡಗಿದರು, ಸಣ್ಣ ಕಂಪನಗಳು ಶುರುವಾದವು, 1967ರ ಡಿಸೆಂಬರ್ 11ರಂದು 6.3 ಪ್ರಮಾಣದ ಭೂಕಂಪವಾಯಿತು. ನೀರಿನ ಭಾರಕ್ಕಿಂತ ಹೆಚ್ಚಿನ ಕೆಲಸ ಮಾಡುವುದು ಬಿರುಕುಗಳೊಳಗೆ ಇಳಿಯುವ ನೀರಿನ ಒತ್ತಡ. ಸ್ತರಭಂಗದ ಎರಡು ಮುಖಗಳನ್ನು ಅದುಮಿ ಹಿಡಿದ ಬಲವನ್ನು ಅದು ಒಳಗಿನಿಂದ ತಗ್ಗಿಸುತ್ತದೆ, ಘರ್ಷಣೆ ಕಡಿಮೆಯಾಗುತ್ತದೆ, ಮೊದಲೇ ಜಾರಲು ಸಿದ್ಧವಾಗಿದ್ದದ್ದು ಬೇಗ ಜಾರುತ್ತದೆ. ಒತ್ತಡ ತುಂಬಿರದ ಸ್ತರಭಂಗವನ್ನು ನೀರು ಹೊಸದಾಗಿ ಜಾರಿಸಲಾರದು. ಹೊಸ ಜಲಾಶಯದ ಮೊದಲ ವರ್ಷಗಳು, ನೀರು ಹಿಂದಿನ ಎಲ್ಲ ಮಟ್ಟ ಮೀರಿ ವೇಗವಾಗಿ ಏರುವ ದಿನಗಳು ಹೆಚ್ಚು ಸೂಕ್ಷ್ಮ. ಕನ್ನಂಬಾಡಿ ಕೊಯ್ನಾದ ಅರ್ಧಕ್ಕಿಂತ ಕಡಿಮೆ ಎತ್ತರದ್ದು, ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲದಿಂದ 124.80 ಅಡಿಯ ಮಿತಿಯೊಳಗೆ ತುಂಬಿ ಇಳಿಯುತ್ತಿದೆ. ಇನ್ನೊಂದು ಸಂಗತಿಯನ್ನೂ ಹೇಳಬೇಕು: 1967ರಲ್ಲಿ ಕೊಯ್ನಾ ಅಣೆಕಟ್ಟೆಯ ಮೇಲ್ಭಾಗದಲ್ಲಿ ಬಿರುಕು ಬಿಟ್ಟಿತು, ಆದರೆ ಕಟ್ಟೆ ಒಡೆಯಲಿಲ್ಲ. ಹಾಗೆಂದು ಕಟ್ಟೆಯ ಹತ್ತಿರ ಸಿಡಿಮದ್ದು ಇಟ್ಟರೂ ನಡೆಯುತ್ತದೆ ಎಂದಲ್ಲ. ಹೈಕೋರ್ಟ್ 2024ರಲ್ಲಿ ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಹಾಕಿದ್ದು ಸರಿಯಾದ ಎಚ್ಚರಿಕೆಯೇ.

ಕೇಳಿದ ಸದ್ದು ಕ್ವಾರಿಯದೋ ಭೂಕಂಪದ್ದೋ ಎಂಬುದನ್ನು ಭೂಕಂಪಮಾಪಕದ ದಾಖಲೆ ಸಾಕಷ್ಟು ಸ್ಪಷ್ಟವಾಗಿ ಹೇಳುತ್ತದೆ. ಸಿಡಿತ ಎಲ್ಲ ದಿಕ್ಕಿಗೂ ಹೊರಮುಖವಾಗಿ ತಳ್ಳುತ್ತದೆ, ಹಾಗಾಗಿ ಸುತ್ತಲಿನ ಎಲ್ಲ ಕೇಂದ್ರಗಳಲ್ಲೂ ಮೊದಲ ಅಲುಗಾಟ ಮೇಲ್ಮುಖ. ಸ್ತರಭಂಗ ಜಾರಿದಾಗ ಕೆಲವು ದಿಕ್ಕಿಗೆ ತಳ್ಳು, ಕೆಲವು ದಿಕ್ಕಿಗೆ ಸೆಳೆತ, ಆದ್ದರಿಂದ ಕೆಲವೆಡೆ ಮೊದಲು ಮೇಲಕ್ಕೆ, ಕೆಲವೆಡೆ ಕೆಳಕ್ಕೆ. ಸಿಡಿತದಲ್ಲಿ ಮೊದಲು ಬರುವ ಪಿ ಅಲೆ ಜೋರು, ಆಮೇಲಿನ ಎಸ್ ಅಲೆ ದುರ್ಬಲ. ಭೂಕಂಪದಲ್ಲಿ ಎಸ್ ಅಲೆಯದೇ ಅಬ್ಬರ. ಸಿಡಿತದ ಆಳ ಹೆಚ್ಚುಕಡಿಮೆ ಸೊನ್ನೆ, ಹೊತ್ತು ಸಾಮಾನ್ಯವಾಗಿ ಹಗಲು. ಮನೆಯೊಳಗಿದ್ದವರಿಗೂ ಒಂದಷ್ಟು ತಿಳಿಯುತ್ತದೆ. ಕಿಟಕಿ ಗಾಜು ಒಮ್ಮೆ ದಡಕ್ಕನೆ ಅದುರಿ, ಸದ್ದು ಗಾಳಿಯಿಂದ ಬಂದಂತಾಗಿ ಒಂದೆರಡು ಸೆಕೆಂಡಿನಲ್ಲಿ ಮುಗಿದರೆ ಸಿಡಿತವಿರಬಹುದು. ಮೊದಲು ಸಣ್ಣ ನಡುಕ, ತುಸು ಬಿಡುವು, ಆಮೇಲೆ ಪಕ್ಕಕ್ಕೆ ಎಳೆದಂಥ ಜೋರು ಅಲುಗಾಟ ಬಂದರೆ ಭೂಕಂಪದ ಲಕ್ಷಣ. ಆ ಬಿಡುವನ್ನು ಎಣಿಸಿಕೊಂಡರೆ ದೂರವೂ ಸಿಗುತ್ತದೆ: ನಮ್ಮ ಗಟ್ಟಿ ಬಂಡೆಯಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಎಸ್ ಅಲೆ ಸುಮಾರು 3.5. ಎರಡರ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿ. 5 ಸೆಕೆಂಡಾದರೆ ಸುಮಾರು 40 ಕಿಲೋಮೀಟರ್.

ಸಿಡಿತದಿಂದ ಗೋಡೆ ಬಿರುಕು ಬಿಟ್ಟಿದೆ ಎಂಬ ದೂರುಗಳಲ್ಲಿ ಪ್ರಮಾಣದ ಅಂಕಿ ಕೇಳಿ ಪ್ರಯೋಜನವಿಲ್ಲ. ಆ ಜಾಗದಲ್ಲಿ ನೆಲ ಎಷ್ಟು ವೇಗದಲ್ಲಿ ಅದುರಿತು ಎಂಬುದನ್ನು ಸೆಕೆಂಡಿಗೆ ಮಿಲಿಮೀಟರ್ ಲೆಕ್ಕದಲ್ಲಿ ಕೇಳಬೇಕು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮಿತಿಯಂತೆ 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದಲ್ಲಿ ಬೇರೆಯವರ ವಾಸದ ಮನೆಗಳಿಗೆ 5, ಚಾರಿತ್ರಿಕ ಮತ್ತು ಸೂಕ್ಷ್ಮ ಕಟ್ಟಡಗಳಿಗೆ 2. ಶ್ರೀರಂಗಪಟ್ಟಣದಂಥ ಊರಿಗೆ ಈ ಎರಡನೇ ಅಂಕಿಯನ್ನೇ ಹಿಡಿಯಬೇಕು.

2022ರ ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ 3.4ರ ಕಂಪನ, ಅದೇ ದಿನಗಳಲ್ಲಿ ಕೊಡಗಿನ ಚೆಂಬು, ಸುಳ್ಯದ ಕಡೆ ಸರಣಿ ಕಂಪನ ಬಂದಾಗ ಇವು ದೊಡ್ಡದರ ಮುನ್ಸೂಚನೆಯೇ ಎಂದು ಎಲ್ಲರೂ ಕೇಳಿದರು. ಇಂಥ ಸರಣಿಗಳಲ್ಲಿ ಹೆಚ್ಚಿನವು ಹಾಗೇ ತಣ್ಣಗಾಗುತ್ತವೆ. ಕಿಲ್ಲಾರಿಯಲ್ಲಿ ಮಾತ್ರ 1992ರ ಸಣ್ಣ ಕಂಪನಗಳ ಹಿಂದೆ ದೊಡ್ಡದು ಬಂತು. ಯಾವುದು ಯಾವುದಾಗುತ್ತದೆ ಎಂದು ಮೊದಲೇ ಹೇಳುವ ವಿಧಾನ ಇಂದಿಗೂ ಇಲ್ಲ. ದಿನಾಂಕ ಹೇಳುವ ಸಂದೇಶ ಬಂದರೆ ಅಳಿಸಿಬಿಡಿ. ಪ್ರಮಾಣದಲ್ಲಿ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 3.4ಕ್ಕೂ 6.2ಕ್ಕೂ ನಡುವೆ ಸುಮಾರು 16 ಸಾವಿರ ಪಟ್ಟು ಅಂತರವಿದೆ.

ಹಾಗಾದರೆ ನಮ್ಮ ಕೈಯಲ್ಲಿರುವುದು ಗೋಡೆ ಮತ್ತು ಪಿಲ್ಲರ್. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿನ ಮಣ್ಣಿನ ಭಾರದ ಮಾಳಿಗೆ. ಗೋಡೆಯ ಹೊರಮುಖ, ಒಳಮುಖಗಳ ನಡುವೆ ಕಟ್ಟು ಇರಲಿಲ್ಲ, ನಡುಗಿದ ಕೂಡಲೇ ಎರಡಾಗಿ ಸೀಳಿ ಬಿದ್ದವು. ಸೈಜುಗಲ್ಲಿನ ಗೋಡೆ ಕಟ್ಟಿಸುವವರು ಎರಡೂ ಮುಖಕ್ಕೆ ತಾಗುವಷ್ಟು ಉದ್ದದ ಕಲ್ಲನ್ನು ಎತ್ತರದಲ್ಲಿ ಎರಡಡಿಗೊಂದು, ಉದ್ದದಲ್ಲಿ ನಾಲ್ಕಡಿಗೊಂದರಂತೆ ಅಡ್ಡ ಇಡಿಸಲೇಬೇಕು. ಇಟ್ಟಿಗೆ ಅಥವಾ ಬ್ಲಾಕ್ ಗೋಡೆಯಾದರೆ ಲಿಂಟಲ್ ಕಾಂಕ್ರೀಟನ್ನು ಬಾಗಿಲು ಕಿಟಕಿಯ ಮೇಲೆ ಮಾತ್ರ ತುಂಡುತುಂಡಾಗಿ ಹಾಕದೆ ಮನೆಯ ಸುತ್ತ, ಒಳಗೋಡೆಗಳ ಮೇಲೂ ಪಟ್ಟಿಯಂತೆ ಓಡಿಸಿ. ಕನಿಷ್ಠ 3 ಇಂಚು ದಪ್ಪ, ಎರಡು ಕಂಬಿ, 6 ಇಂಚಿಗೊಂದು ಅಡ್ಡಕಂಬಿ. ಇದು ಸೋಲುವುದು ಮೂಲೆಯಲ್ಲಿ. ಎರಡು ಗೋಡೆಯ ಕಂಬಿಗಳನ್ನು ಮೂಲೆಯಲ್ಲೇ ಕತ್ತರಿಸಿ ನಿಲ್ಲಿಸಿಬಿಡುತ್ತಾರೆ. ಕಂಬಿ ಮೂಲೆ ತಿರುಗಿ ಮುಂದಿನ ಗೋಡೆಯೊಳಗೆ ಅದರ ದಪ್ಪದ 50 ಪಟ್ಟು, ಅಂದರೆ 10 ಎಂಎಂ ಕಂಬಿಗೆ ಅರ್ಧ ಮೀಟರ್ ಹೋಗಲೇಬೇಕು.

ಪಿಲ್ಲರ್ ಮನೆಗಳಲ್ಲಿ ನೋಡಬೇಕಾದದ್ದು ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್. ಬಾರ್ ಬೆಂಡರ್‌ಗಳು ರಿಂಗಿನ ತುದಿಯನ್ನು 90 ಡಿಗ್ರಿಗೆ ಮಡಿಸಿ ಬಿಡುತ್ತಾರೆ, ಕೆಲಸ ಬೇಗ ಆಗುತ್ತದೆ. ನಡುಕದಲ್ಲಿ ಹೊರಗಿನ ಕಾಂಕ್ರೀಟು ಉದುರಿದ ಕೂಡಲೇ ಆ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ಒಳಗಿನ ಕಂಬಿ ಹೊರಕ್ಕೆ ಬಾಗಿ ಪಿಲ್ಲರ್ ಕುಸಿಯುತ್ತದೆ. ತುದಿ 135 ಡಿಗ್ರಿ ಮಡಿಸಿ ಪಿಲ್ಲರಿನ ಒಡಲೊಳಗೆ ಕನಿಷ್ಠ 65 ಎಂಎಂ ಹೋಗಬೇಕು, ಬೀಮ್ ಸೇರುವ ಜಾಗದ ಮೇಲೆ ಕೆಳಗೆ ರಿಂಗ್‌ಗಳ ಅಂತರ 100 ಎಂಎಂ ಮೀರಬಾರದು. ಎರಡನೇ ವಲಯಕ್ಕೆ 2016ರ ಕಟ್ಟಡ ಸಂಹಿತೆ ಇದನ್ನು ಕಡ್ಡಾಯ ಮಾಡಿರಲಿಲ್ಲ, ಆದರೂ ಮಾಡಿಸಿ. ಹೆಚ್ಚಿನ ಖರ್ಚು ಕೂಲಿಯಲ್ಲಿ ಸ್ವಲ್ಪ, ಕಂಬಿಯಲ್ಲಿ ಸ್ವಲ್ಪ, ಅಷ್ಟೇ. ಲೆಕ್ಕಕ್ಕೆ ಬೇಕೆಂದರೆ: ಭೂಕಂಪ ತಡೆಯುವ ವಿನ್ಯಾಸದ ಭಾರತೀಯ ಸಂಹಿತೆ ಐಎಸ್ 1893ರ 2016ರ ಆವೃತ್ತಿಯಲ್ಲಿ ನಮ್ಮ ವಲಯದ ಗುಣಾಂಕ 0.10. ಸಾಮಾನ್ಯ ಪಿಲ್ಲರ್–ಬೀಮ್ ಕಟ್ಟುವಿಕೆಯ ಎರಡಂತಸ್ತಿನ, 200 ಟನ್ ತೂಕದ ಮನೆಗೆ ಸುಮಾರು 8 ಟನ್ ಪಕ್ಕದ ತಳ್ಳು ತಡೆಯುವಂತೆ ವಿನ್ಯಾಸ ಮಾಡಬೇಕು. ನಿಮ್ಮ ಎಂಜಿನಿಯರ್ ಈ ಲೆಕ್ಕ ಹಾಕಿದ್ದಾರೆಯೇ ಎಂದು ಕೇಳಿ. ಕೆಳಗೆ ಪೂರ್ತಿ ಕಾರ್ ಪಾರ್ಕಿಂಗ್, ಮೇಲೆ ಗೋಡೆ ತುಂಬಿದ ಮೂರು ಮಹಡಿ ಇದ್ದರೆ ಈ ಪ್ರಶ್ನೆ ಇನ್ನೂ ಮುಖ್ಯ. 2001ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಿದ್ದ ಹಲವು ಅಪಾರ್ಟ್‌ಮೆಂಟುಗಳು ಈ ಬಗೆಯವೇ.

ಕೆರೆ ಅಂಗಳ ಮುಚ್ಚಿ ಮಾಡಿದ ಬಡಾವಣೆ, ಗದ್ದೆಗೆ ಮಣ್ಣು ತುಂಬಿಸಿದ ನಿವೇಶನಗಳಲ್ಲಿ ಅಲುಗಾಟ ಬಂಡೆಯ ಮೇಲಿನದಕ್ಕಿಂತ ಹೆಚ್ಚು. ಮೆತ್ತನೆಯ ಮಣ್ಣು ಅಲೆಯನ್ನು ಹಿಗ್ಗಿಸುತ್ತದೆ. 1985ರಲ್ಲಿ ಮೆಕ್ಸಿಕೋ ನಗರ ಭೂಕಂಪದ ಕೇಂದ್ರದಿಂದ 350 ಕಿಲೋಮೀಟರಿನಷ್ಟು ದೂರವಿದ್ದರೂ ಹಳೆಯ ಸರೋವರದ ತಳದ ಮೇಲೆ ಕಟ್ಟಿದ ಭಾಗವೇ ಹೆಚ್ಚು ಕುಸಿಯಿತು. ಇಂಥ ಕಡೆ ಪಾಯ ಗಟ್ಟಿ ಮಣ್ಣು ಮುಟ್ಟುವವರೆಗೆ ಇಳಿಯಲಿ, ಪಾಯಗಳನ್ನು ಪ್ಲಿಂತ್ ಬೀಮಿನಿಂದ ಒಂದಕ್ಕೊಂದು ಕಟ್ಟಿಸಿ.

ನಡುಗುವಾಗ ಓಡಬೇಡಿ. ಮೆಟ್ಟಿಲಿನ ಮೇಲೆ, ಸಜ್ಜಾದ ಕೆಳಗೆ, ಹೆಂಚು ಉದುರುವ ಜಗಲಿಯ ಅಂಚಿನಲ್ಲಿ ಪೆಟ್ಟು ತಿನ್ನುವವರೇ ಹೆಚ್ಚು. ಗಟ್ಟಿ ಮೇಜಿನ ಕೆಳಗೆ ತಲೆ ಮುಚ್ಚಿ ಕೂರಿ. ಹಳೆಯ ಮಣ್ಣುಗೋಡೆಯ ಮನೆಯಾಗಿದ್ದು ಬಾಗಿಲು ಎರಡು ಹೆಜ್ಜೆಯಲ್ಲಿದ್ದರೆ ಮಾತ್ರ ಹೊರಗೆ ಬಯಲಿಗೆ ಹೋಗಿ. ನಿಂತ ಮೇಲೆ ಮೊದಲು ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ, ತಾರಸಿಯ ನೀರಿನ ಟ್ಯಾಂಕು ಸರಿದಿದೆಯೇ ನೋಡಿ, ಗೋಡೆಗಳನ್ನು ಪರೀಕ್ಷಿಸಿ. ಕೂದಲೆಳೆಯ ಗಾರೆ ಬಿರುಕು ಹಳೆಯದಿರಬಹುದು. ಎರಡು ಕಿಟಕಿಗಳ ನಡುವೆ ಓರೆಯಾಗಿ, ಗುಣಿಸು ಗುರುತಿನಂತೆ ಬಿಟ್ಟ ಬಿರುಕು, ಮೂಲೆಯಲ್ಲಿ ನೆಟ್ಟಗೆ ಬಾಯಿಬಿಟ್ಟ ಬಿರುಕು ಕಂಡರೆ ಎಂಜಿನಿಯರ್ ನೋಡುವವರೆಗೆ ಆ ಕೋಣೆ ಬಳಸಬೇಡಿ. ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ, ಪಕ್ಕದಲ್ಲಿ ಸ್ಕೇಲು ಹಿಡಿದು ಫೋಟೊ ತೆಗೆಯಿರಿ. ಮುಂದೆ ಸಿಡಿತದ ದೂರು ಕೊಡಬೇಕಾದರೂ ಇದೇ ಬೇಕಾಗುವ ದಾಖಲೆ.

ಗಡಿಯಾರ ನೋಡಿ ಗಂಟೆ, ನಿಮಿಷ, ಸಾಧ್ಯವಾದರೆ ಸೆಕೆಂಡನ್ನೂ ಬರೆದಿಡಿ. ಎಷ್ಟು ಹೊತ್ತು ಅಲುಗಿತು, ಸದ್ದು ಮೊದಲೋ ನಡುಕ ಮೊದಲೋ, ನೀವು ಎಷ್ಟನೇ ಮಹಡಿಯಲ್ಲಿದ್ದಿರಿ, ತೂಗುವ ದೀಪ ಯಾವ ದಿಕ್ಕಿಗೆ ಆಡಿತು ಎಂಬುದನ್ನೂ ಬರೆಯಿರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಲಿ, ದೆಹಲಿಯ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರವಾಗಲಿ ತಮ್ಮ ಮಾಪಕದ ದಾಖಲೆಯ ಜೊತೆ ತಾಳೆ ನೋಡಲು ಬಳಸಬಹುದಾದದ್ದು ಇಂಥ ವಿವರ. ಎರಡು ಊರುಗಳವರು ಬರೆದ ಸೆಕೆಂಡು ಸರಿಯಾಗಿದ್ದರೆ ಅದು ಬೇಬಿ ಬೆಟ್ಟದ ಕಡೆಯಿಂದ ಬಂದದ್ದೋ, ಹೊಳೆನರಸೀಪುರದ ಕಡೆಯಿಂದ ಬಂದದ್ದೋ ಎಂಬ ಅಂದಾಜು ಅಷ್ಟರಿಂದಲೇ ಸಿಗುತ್ತದೆ.